ಏನೂ ಆಗದಿದ್ದರೂ ಹೇಳಬೇಕು

ಬಂಟ್ವಾಳದಿಂದ ಸಿದ್ಧಕಟ್ಟೆ ದಾರಿಯಾಗಿ ಮೂಡುಬಿದಿರೆಗೆ ಹೋಗುವ ಒಂದು ಖಾಸಗಿ ಬಸ್ಸು. ಶನಿವಾರ ಸಂಜೆ, ಇಳಿಜಾರಿನಲ್ಲಿ ಬರುವಾಗ ಅದರ ಬ್ರೇಕು ಕಾಲಿಗೆ ಸಿಗಲಿಲ್ಲ. ಪೆಡಲು ತಳದವರೆಗೆ ಇಳಿಯಿತು. ಚಾಲಕ ಅಬ್ದುಲ್ ರವೂಫ್ ಮತ್ತೆ ತುಳಿದರು, ಮತ್ತೂ ತುಳಿದರು. ಆಮೇಲೆ ಹಿಡಿಯಿತು. ಬಸ್ಸಿನೊಳಗೆ ಯಾರಿಗೂ ಗೊತ್ತಾಗಲಿಲ್ಲ. ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಒಬ್ಬ ಅಜ್ಜ ಕಣ್ಣು ಬಿಟ್ಟು ಪುನಃ ಮುಚ್ಚಿದರು, ಅಷ್ಟೇ.

ಬಂಟ್ವಾಳಕ್ಕೆ ಬಂದ ಮೇಲೆ ರವೂಫ್ ಎಂದಿನಂತೆ ಒಂದು ಚಾ ಕುಡಿದರು. ಎಂದಿನಂತೆ ಬಸ್ಸಿನ ಗಾಜು ಒರೆಸಿದರು, ಸ್ಟಿಯರಿಂಗ್ ಒರೆಸಿದರು, ಕಾಲ ಬಳಿಯ ಟಿಕೇಟಿನ ಚೂರುಗಳನ್ನು ಹೆಕ್ಕಿ ಹೊರಗೆ ಹಾಕಿದರು. ಮುಂದಿನ ಚಾಲಕನಿಗೆ ಬಸ್ಸನ್ನು ಕೊಳಕಾಗಿ ಕೊಡಬಾರದು ಎಂಬುದು ಅವರು ಪಾಲಿಸಿಕೊಂಡು ಬಂದ ಮರ್ಯಾದೆ. ಕೀಲಿಕೈಯನ್ನು ಮುಂದಿನ ಪಾಳಿಯ ಚಾಲಕ ರುಕ್ಮಯ್ಯನ ಕೈಯಲ್ಲಿಟ್ಟು, "ಎಲ್ಲ ಸರಿ ಉಂಟು" ಎಂದರು. ಬ್ರೇಕಿನ ವಿಷಯ ಬಾಯಿಗೆ ಬರಲಿಲ್ಲ. ಬಸ್ಸಿನವರ ರೂಢಿಯೇ ಹಾಗೆ. ಏನೂ ಆಗದಿದ್ದರೆ ಹೇಳುವುದಕ್ಕೂ ಏನೂ ಇಲ್ಲ. ಹೇಳಿದರೆ ಬಸ್ಸಿನ ಧಣಿಗಳು, ನಿನ್ನ ಕಾಲೇ ಸರಿ ಇಲ್ಲ ಎಂದು ಬಸ್ಸನ್ನು ಇನ್ನೊಬ್ಬನಿಗೆ ಕೊಟ್ಟಾರು.

ಅಲ್ಲದೆ ಅವರ ತಲೆಯಲ್ಲಿ ಮರುದಿನದ ಗಡಿಬಿಡಿ ತುಂಬಿತ್ತು. ಭಾನುವಾರ ಮೂಡುಬಿದಿರೆಯಿಂದ ಮಗಳು ಶಿಫಾನಾಳನ್ನು ಕೇಳಲು ಬರುವವರಿದ್ದರು. ಹುಡುಗ ಸಿನಾನ್ ದುಬಾಯಿಯಲ್ಲಿದ್ದ. ಫೋಟೋ ಎರಡು ಕಡೆಗೂ ಒಪ್ಪಿಗೆಯಾಗಿತ್ತು. ಇನ್ನು ಹುಡುಗನ ತಾಯಿ ಖತೀಜಮ್ಮ ಬಂದು ಒಂದು ಮಾತು ಹೇಳುವುದು ಬಾಕಿ.

ಶಿಫಾನಾ ಬೇರೆ ರಾಜ್ಯದ ಒಂದು ಸಣ್ಣ ವಿಮಾನ ನಿಲ್ದಾಣದಲ್ಲಿ ಕೆಲಸಕ್ಕಿದ್ದಳು. ಎತ್ತರದ ಗೋಪುರದಲ್ಲಿ ಕೂತು, ಯಾವ ವಿಮಾನ ಯಾವಾಗ ಇಳಿಯಬೇಕು, ಯಾವುದು ಕಾಯಬೇಕು ಎಂದು ರೇಡಿಯೋದಲ್ಲಿ ಹೇಳುವ ಕೆಲಸ. ಊರಿಗೆಲ್ಲ ಅದೊಂದು ಸಂಭ್ರಮ. ರವೂಫರ ಬಸ್ಸಿನ ಕಂಡಕ್ಟರ್ ಹುಕ್ರಪ್ಪ ಅವಳಿಗೆ ಆಕಾಶದ ಕಂಡಕ್ಟರ್ ಎಂದೇ ಹೆಸರಿಟ್ಟಿದ್ದ.

ಆದರೆ ಈ ಸಲ ಅವಳು ಊರಿಗೆ ಬಂದಾಗ ಒಂದು ಸಂಗತಿಯನ್ನೂ ತಂದಿದ್ದಳು. ಅಲ್ಲಿ ತನ್ನ ಕೈಯಿಂದ ಒಂದು ತಪ್ಪಾಯಿತು, ಯಾರಿಗೂ ಪೆಟ್ಟಾಗಲಿಲ್ಲ, ಆದರೂ ತಾನೇ ಮೇಲಿನವರಿಗೆ ಬರೆದು ಕೊಟ್ಟೆ, ಈಗ ತನಿಖೆ ನಡೆಯುತ್ತಿದೆ, ಮುಗಿಯುವವರೆಗೆ ಗೋಪುರದ ಕೆಲಸಕ್ಕೆ ಕೂರಿಸುವುದಿಲ್ಲ, ಹಾಗಾಗಿ ರಜೆ ಹಾಕಿ ಬಂದೆ ಎಂದು ಚಾಪೆಯ ಮೇಲೆ ಕೂತು ಆರಾಮವಾಗಿ ಹೇಳಿದಳು. ರವೂಫರಿಗೆ ಕೇಳಿಸಿದ್ದು ಒಂದೇ ಶಬ್ದ, ತನಿಖೆ. ಅವರು ಕಂಡ ತನಿಖೆಯೆಂದರೆ ಪೊಲೀಸು ಜೀಪು, ಠಾಣೆಯ ಬೆಂಚು.

ನಿನ್ನನ್ನು ಸಸ್ಪೆಂಡ್ ಮಾಡಿದ್ದಾರೆ, ಅಷ್ಟೂ ಗೊತ್ತಾಗದವನೇ ನಾನು ಎಂದು ರೇಗಿದರು. ಅಲ್ಲ ಬಾಪ, ಎಲ್ಲರಿಗೂ ಹೀಗೇ ಮಾಡುವುದು, ನಡೆದದ್ದು ಅರ್ಥವಾಗುವವರೆಗೆ ಮಾತ್ರ ಎಂದು ಅವಳು ಎಷ್ಟು ಹೇಳಿದರೂ ಅವರ ಕಿವಿಗೆ ಹೋಗಲಿಲ್ಲ. ಖತೀಜಮ್ಮ ಕೇಳಿದರೆ ರಜೆಯಲ್ಲಿ ಬಂದಿದ್ದೇನೆ ಎಂದಷ್ಟೇ ಹೇಳು ಎಂದು ತಾಕೀತು ಮಾಡಿದರು. ಆಯಿಶಮ್ಮ ಗಂಡನ ಮುಖವನ್ನೂ ಮಗಳ ಮುಖವನ್ನೂ ನೋಡಿ ಅಕ್ಕಿ ರುಬ್ಬಲು ಒಳಗೆ ಹೋದರು.

ಭಾನುವಾರ ಮಧ್ಯಾಹ್ನ ಖತೀಜಮ್ಮ, ಅವರ ತಮ್ಮ ಸುಲೈಮಾನ್ ಇಬ್ಬರೂ ಬಂದರು. ಕಾರಿನಲ್ಲಿ ಕೂತರೆ ಖತೀಜಮ್ಮನಿಗೆ ತಲೆಸುತ್ತು, ಹಾಗಾಗಿ ಬಸ್ಸಿನಲ್ಲೇ ಬಂದದ್ದು. ಮನೆಯೊಳಗೆಲ್ಲ ಅಕ್ಕಿ ರೊಟ್ಟಿ ಪತ್ತಿರ್, ಕೋಳಿ ಸಾರಿನ ಪರಿಮಳ. ಶರಬತ್ತು ಆಯಿತು, ಊಟ ಆಯಿತು, ಹವೆಯ ಮಾತಾಯಿತು. ಖತೀಜಮ್ಮ ಅಡಿಕೆಯ ಚೂರೊಂದನ್ನು ಬಾಯಿಗೆ ಹಾಕಿಕೊಂಡು, ಮೆಲ್ಲನೆ ಕೇಳಿದರು:

"ನಿಮ್ಮ ಬಸ್ಸಿನ ಕಂಡಕ್ಟರ್ ದಾರಿಯುದ್ದಕ್ಕೂ ಹುಡುಗಿಯನ್ನು ಹೊಗಳಿದ್ದೇ ಹೊಗಳಿದ್ದು. ಮತ್ತೆ ಸ್ವಲ್ಪ ದೊಡ್ಡ ಸ್ವರದಲ್ಲಿ, ಪಾಪ ಏನೋ ತನಿಖೆಯಂತೆ ಅಂದ. ಅದು ಎಂತದು?"

ರವೂಫರಿಗೆ ಕೂತಲ್ಲೇ ಬೆವರು ಬಂತು. ಆ ಹುಕ್ರಪ್ಪನಿಗೆ ತಾನೇ ಮೊನ್ನೆ ಚಾ ಕುಡಿಯುವಾಗ ಸಂಕಟ ತಡೆಯಲಾರದೆ ಹೇಳಿಕೊಂಡದ್ದು ನೆನಪಾಯಿತು. ಅದೇನಿಲ್ಲ, ಆಫೀಸಿನ ಸಣ್ಣ ವಿಚಾರ ಎಂದು ತೇಲಿಸಲು ನೋಡಿದರು. ಅಷ್ಟರಲ್ಲಿ ಶಿಫಾನಾ ಶರಬತ್ತಿನ ತಟ್ಟೆಯನ್ನು ಎಲ್ಲರ ನಡುವೆ ಇಟ್ಟು ಕೂತಿದ್ದಳು.

"ಇದು ರನ್‌ವೇ ಅಂತ ಇಟ್ಟುಕೊಳ್ಳಿ, ವಿಮಾನ ಇಳಿಯುವ ದಾರಿ," ಎಂದು ಉದ್ದ ಚಮಚವೊಂದನ್ನು ತಟ್ಟೆಯಲ್ಲಿ ಮಲಗಿಸಿದಳು. ಪಕ್ಕದಲ್ಲಿ ಒಂದು ಖರ್ಜೂರ ಇಟ್ಟಳು. ಅದು ಹುಲ್ಲು ಕತ್ತರಿಸುವ ಟ್ರ್ಯಾಕ್ಟರ್.

ಗೋಪುರದಲ್ಲಿ ಅವರ ಮುಂದೆ ಒಂದು ಹಲಗೆ ಇರುತ್ತದೆ. ಬರುವ ಹೋಗುವ ಒಂದೊಂದು ವಿಮಾನಕ್ಕೂ ಒಂದೊಂದು ಕಾಗದದ ಪಟ್ಟಿ. ವಿಮಾನದ ಕೆಲಸ ಮುಗಿದ ಮೇಲೆ ಪಟ್ಟಿಯನ್ನು ತೆಗೆಯುತ್ತಾರೆ. ರನ್‌ವೇಯ ಮೇಲೆ ಗಾಡಿ ಹೋದರೆ ಹಲಗೆಯಲ್ಲಿ ಒಂದು ಕೆಂಪು ಪಟ್ಟಿ ಇಡುತ್ತಾರೆ. ಕೆಂಪು ಇರುವವರೆಗೆ ಯಾವ ವಿಮಾನಕ್ಕೂ ಇಳಿ ಎನ್ನುವಂತಿಲ್ಲ. ಆ ದಿನ ಟ್ರ್ಯಾಕ್ಟರ್ ರನ್‌ವೇಗೆ ಹೋಗಿತ್ತು, ಹಲಗೆಯಲ್ಲಿ ಕೆಂಪು ಪಟ್ಟಿ ಇತ್ತು, ಅವಳ ಪಾಳಿ ಮುಗಿಯುತ್ತ ಬಂದಿತ್ತು. ಮುಂದಿನವನಿಗೆ ಹಲಗೆಯನ್ನು ಚೊಕ್ಕವಾಗಿ ಕೊಡಬೇಕೆಂದು ಮುಗಿದ ಪಟ್ಟಿಗಳನ್ನೆಲ್ಲ ಒಟ್ಟಿಗೆ ಬಾಚಿ ತೆಗೆದಳು. ಅವುಗಳ ಜೊತೆಗೆ ಕೆಂಪು ಪಟ್ಟಿಯೂ ಬಂದುಬಿಟ್ಟಿತು.

"ಚೊಕ್ಕ ಮಾಡಿ ಕೊಡಬೇಕು ಅಂತ ನಾನು ಕಲಿತದ್ದು ಬಾಪನಿಂದ," ಎಂದು ಅವಳು ನಕ್ಕಳು. ರವೂಫರಿಗೆ ನಗು ಬರಲಿಲ್ಲ.

ಬಂದವನು ಹಲಗೆ ನೋಡಿದ, ಖಾಲಿ ಇತ್ತು. ಒಂದು ವಿಮಾನ ಇಳಿಯಲೇ ಎಂದು ಕೇಳಿತು. ಇಳಿ ಎಂದ. ಶಿಫಾನಾ ಆಗ ಮೆಟ್ಟಿಲು ಇಳಿಯುತ್ತಿದ್ದಳು. ಮೆಟ್ಟಿಲ ಕಿಟಕಿಯಿಂದ ಸುಮ್ಮನೆ ಹೊರಗೆ ನೋಡಿದಳು. ರನ್‌ವೇಯ ನಡುವೆ ಟ್ರ್ಯಾಕ್ಟರ್ ನಿಧಾನಕ್ಕೆ ದಾಟುತ್ತಿತ್ತು. ದೂರದಲ್ಲಿ ವಿಮಾನದ ದೀಪ. ಕಥೆ ಇಲ್ಲಿಗೆ ಬರುವಾಗ ಅವಳ ಕೈ ಗಾಳಿಯಲ್ಲಿ ಇಳಿಯುತ್ತ ಚಮಚದ ಹತ್ತಿರ ಬಂದಿತ್ತು. ಸುಲೈಮಾನ್ ಕುರ್ಚಿಯ ತುದಿಗೆ ಬಂದಿದ್ದರು. ಅಡುಗೆಮನೆಯ ಬಾಗಿಲಲ್ಲಿ ಆಯಿಶಮ್ಮ ಸೆರಗು ಕಚ್ಚಿ ನಿಂತಿದ್ದರು. ಆ ದಿನ ಅವಳು ಮೆಟ್ಟಿಲು ಹತ್ತಿ ಓಡಿದಳು, ಟ್ರ್ಯಾಕ್ಟರ್ ಎಂದು ಕೂಗಿದಳು, ಅವನು ರೇಡಿಯೋದಲ್ಲಿ ಏರು ಎಂದ. ಅವಳ ಕೈ ಚಮಚದ ಮೇಲಿಂದ ಸರ್ರನೆ ಮೇಲಕ್ಕೆ ಹೋಯಿತು. ಸುಲೈಮಾನ್ ಉಸಿರು ಬಿಟ್ಟರು.

ವಿಮಾನ ಒಂದು ಸುತ್ತು ಹಾಕಿ ಸುಖವಾಗಿ ಇಳಿಯಿತು. ಟ್ರ್ಯಾಕ್ಟರಿನವನು ಬುತ್ತಿ ಬಿಚ್ಚಿ ಊಟ ಮಾಡಿದ. ಯಾರೂ ನೋಡಲಿಲ್ಲ, ಬಿಟ್ಟುಬಿಡುವ ಎಂದು ಜೊತೆಗಾರ ಕೇಳಿಕೊಂಡನಂತೆ.

"ಸರಿಯಾಗಿಯೇ ಹೇಳಿದ್ದಾನಲ್ಲ," ಎಂದು ರವೂಫರ ಬಾಯಿಂದ ಬಂದುಬಿಟ್ಟಿತು. "ಏನೂ ಆಗಲಿಲ್ಲ ಅಂದ ಮೇಲೆ ಬರೆಯುವುದು ಎಂತ ಉಂಟು?"

"ಬಾಪ, ಆ ದಿನ ನಾನು ಕಿಟಕಿಯಲ್ಲಿ ನೋಡಿದೆ. ಮುಂದಿನ ಸಲ ಕಿಟಕಿಯ ಹತ್ತಿರ ಯಾರೂ ಇರುವುದಿಲ್ಲ. ಅದಕ್ಕೇ ಬರೆದದ್ದು."

ಆಗಲೇ ಮೂಲೆಯ ಫೋನು ಹೊಡೆದುಕೊಂಡಿತು. ನಿಲ್ದಾಣದಿಂದ ಬಂದ ಕರೆ. ಶಿಫಾನಾ ಹಿಂದಿಯಲ್ಲಿ ಹೌದು, ಹೌದು ಎನ್ನುತ್ತ ಕೇಳಿದಳು. ರವೂಫ್ ಮಗಳ ಮುಖವನ್ನೇ ನೋಡುತ್ತಿದ್ದರು. ಅದು ಮೊದಲು ಬಿಗಿಯಾಯಿತು, ಆಮೇಲೆ ಅರಳುತ್ತ ಹೋಯಿತು. ಫೋನಿಟ್ಟವಳಿಗೆ ಮಾತು ಒಂದರ ಮೇಲೊಂದು ಬಂತು. ತನಿಖೆಯವರು ಗೋಪುರದ ಉಳಿದವರನ್ನೆಲ್ಲ ಕೂರಿಸಿ ಕೇಳಿದ್ದರಂತೆ. ಹಲಗೆ ಚೊಕ್ಕ ಮಾಡುವಾಗ ಕೆಂಪು ಪಟ್ಟಿ ತೆಗೆದದ್ದು ಅವಳೊಬ್ಬಳೇ ಅಲ್ಲ. ಇನ್ನೂ ಇಬ್ಬರು ಹಿಂದೆ ತೆಗೆದು, ಕೂಡಲೇ ಗೊತ್ತಾಗಿ ವಾಪಸಿಟ್ಟು, ಸುಮ್ಮನಿದ್ದರು. ಇನ್ನು ಮುಂದೆ ಕೆಂಪು ಪಟ್ಟಿಗೆ ಹಲಗೆಯಲ್ಲಿ ಬೇರೆಯೇ ಜಾಗ, ಸುಲಭಕ್ಕೆ ಬಾರದ ಹಾಗೆ ಒಂದು ಕೊಂಡಿ. ಹೋಗುವವರು, ಬರುವವರು ಇಬ್ಬರೂ ನಿಂತು ರನ್‌ವೇ ನೋಡಿಯೇ ಪಾಳಿ ಬದಲಿಸಬೇಕು. ಶಿಫಾನಾ ನಾಲ್ಕು ದಿನ ಹಿರಿಯರ ಪಕ್ಕದಲ್ಲಿ ಕೂತು ಕೆಲಸ ಮಾಡಿ, ಆಮೇಲೆ ಮೊದಲಿನ ಹಾಗೆ.

"ಶಿಕ್ಷೆ?" ಎಂದರು ರವೂಫ್.

"ಕುಡಿದು ಕೂತಿದ್ದರೆ, ಬೇಕೂಂತ ನಿಯಮ ಮುರಿದಿದ್ದರೆ, ಸುಳ್ಳು ಹೇಳಿದ್ದರೆ ಶಿಕ್ಷೆ ಉಂಟು ಬಾಪ. ಇದರಲ್ಲಿ ಪಟ್ಟಿ ತೆಗೆದದ್ದು ಯಾರು ಅಂತ ಅವರು ಒಂದೇ ಸಲ ಕೇಳಿದ್ದು. ಪಟ್ಟಿ ಅಷ್ಟು ಸುಲಭದಲ್ಲಿ ಹೇಗೆ ಕೈಗೆ ಬಂತು ಅಂತ ಹತ್ತು ಸಲ ಕೇಳಿದರು."

ರವೂಫರ ಎದೆಯ ಭಾರ ಇಳಿಯಿತು. ಆದರೆ ಖತೀಜಮ್ಮ ಎದ್ದು ಚಪ್ಪಲಿ ಹುಡುಕುತ್ತ, "ಮನೆಗೆ ಹೋಗಿ ತಿಳಿಸ್ತೇವೆ" ಎಂದಷ್ಟೇ ಅಂದರು. ಆ ಮಾತಿನ ಅರ್ಥ ಹೆಣ್ಣು ಹೆತ್ತವರಿಗೆಲ್ಲ ಗೊತ್ತು. ಸಂಜೆಯ ಬಸ್ಸಿಗೆ ಹೊತ್ತಾಯಿತು ಎಂದು ಅವರಿಬ್ಬರೂ ಹೊರಟರು.

ರವೂಫ್ ಜಗಲಿಯಲ್ಲೇ ನಿಂತರು. ಒಳಗೆ ಶಿಫಾನಾ ತಟ್ಟೆಯಿಂದ ಚಮಚ ಎತ್ತುತ್ತಿದ್ದಳು. ಖಾಲಿ ಹಲಗೆ. ಚೊಕ್ಕ ಮಾಡಿ ಕೊಟ್ಟದ್ದು. ಎಲ್ಲ ಸರಿ ಉಂಟು ಎಂದದ್ದು. ಅವರ ಬಲಗಾಲು ನೆಲದ ಮೇಲೆ ತನ್ನಷ್ಟಕ್ಕೇ ಒತ್ತಿಕೊಂಡಿತು. ಆ ಸಂಜೆಯ ಬಸ್ಸು ಅವರದೇ ಬಸ್ಸು.

ಹೇಳಿದರೆ ಖತೀಜಮ್ಮನ ಎದುರಿಗೇ ಹೇಳಬೇಕು. ಮಗಳದ್ದು ಒಂದು ಕಥೆ, ಅಪ್ಪನದ್ದು ಇನ್ನೊಂದು ಎಂದು ಅವರು ಈ ಸಂಬಂಧವನ್ನು ಇಲ್ಲಿಗೇ ಮುಗಿಸುತ್ತಾರೆ. ಅಷ್ಟೆಲ್ಲ ಯೋಚನೆ ಬಂದದ್ದು ಹೌದು. ಆದರೆ ಕಾಲು ಅಷ್ಟರಲ್ಲಿ ಗೇಟು ದಾಟಿತ್ತು. ಬಿಳಿ ಮುಂಡು ಎತ್ತಿ ಕಟ್ಟಿ, ಐವತ್ತು ದಾಟಿದ ಮನುಷ್ಯ ಪೇಟೆಯ ನಡುವೆ ಓಡಿದರು. ಅಂಗಡಿಯವರು ಎದ್ದು ನಿಂತು ನೋಡಿದರು.

ಬಸ್ಸು ಸ್ಟಾರ್ಟ್ ಆಗಿತ್ತು. ಹುಕ್ರಪ್ಪ ಸೀಟಿಯನ್ನು ಬಾಯಿಗಿಟ್ಟಿದ್ದ. ರವೂಫ್ ಬಸ್ಸಿನ ಮೂತಿಗೇ ಅಡ್ಡ ನಿಂತು ಎರಡೂ ಕೈ ಎತ್ತಿದರು.

"ರವೂಫಾಕ, ಬೀಗರನ್ನು ಇಷ್ಟು ಬೇಗ ವಾಪಸ್ ಕರೆಯುವುದಾ?" ಎಂದು ಹುಕ್ರಪ್ಪ ನಕ್ಕ.

ರವೂಫ್ ನಗಲಿಲ್ಲ. ಕಿಟಕಿಯಲ್ಲಿ ಖತೀಜಮ್ಮನ ಮುಖ ಕಾಣುತ್ತಿತ್ತು. ಅದನ್ನು ನೋಡಿಯೇ ಅವರು ಹೇಳಿದರು: "ರುಕ್ಮಯ್ಯ, ಬಸ್ಸು ಬಿಡಬೇಡ. ನಿನ್ನೆ ಇಳಿಜಾರಿನಲ್ಲಿ ಬ್ರೇಕು ತಳಕ್ಕೆ ಹೋಗಿತ್ತು. ನಾನು ನಿನಗೆ ಹೇಳಲಿಲ್ಲ."

ರುಕ್ಮಯ್ಯ ಎಂಜಿನ್ ಆರಿಸಿದ. "ಬೆಳಿಗ್ಗೆ ನನಗೂ ಹೋಗಿತ್ತು ಮಾರಾಯ್ರೆ," ಎಂದ. "ನಾನೂ ಹೇಳಲಿಲ್ಲ."

ಗ್ಯಾರೇಜಿನವನು ಬಂದು ಬಸ್ಸಿನ ಅಡಿಗೆ ನುಗ್ಗಿದ. ಹಿಂದಿನ ಚಕ್ರದ ಒಳಮೈ ಒದ್ದೆಯಾಗಿತ್ತು. ಬ್ರೇಕಿನ ಎಣ್ಣೆಯ ಪೈಪು ಬಿರಿದು ಹನಿ ಹನಿಯಾಗಿ ಸೋರುತ್ತಿತ್ತು. ತುಂಬಿದ ಬಸ್ಸು ಇನ್ನೊಂದು ಇಳಿಜಾರು ಇಳಿಯುತ್ತಿತ್ತೋ ಇಲ್ಲವೋ ಎನ್ನುತ್ತ ಅವನು ಕೈ ಒರೆಸಿಕೊಂಡ. ಸುದ್ದಿ ಕೇಳಿ ಬಂದ ಧಣಿಗಳು ಭಾನುವಾರದ ಟ್ರಿಪ್ಪು ಹಾಳಾಯಿತೆಂದು ಬಾಯಿ ತೆರೆದವರು, ಆ ಪೈಪನ್ನು ಕೈಯಲ್ಲಿ ಹಿಡಿದು ನೋಡಿ ಬಾಯಿ ಮುಚ್ಚಿದರು. ಯಾರು ಹೇಳಲಿಲ್ಲ ಎಂದು ಅವರು ಕೇಳಲಿಲ್ಲ. ಹೇಳದೆ ಇರುವಂತೆ ಮಾಡಿದ್ದು ಯಾವುದು ಎಂಬುದು ಅವರಿಗೂ ಗೊತ್ತಿತ್ತು.

ಖತೀಜಮ್ಮ ಬಸ್ಸಿನಿಂದ ಇಳಿದು ರವೂಫರ ಹತ್ತಿರ ಬಂದರು. ರವೂಫ್ ತಲೆ ತಗ್ಗಿಸಿದರು.

"ಬರುವ ವರ್ಷ ನಾನು ಹಜ್ಜಿಗೆ ಹೋಗುವವಳು," ಎಂದರು ಖತೀಜಮ್ಮ. "ವಿಮಾನದಲ್ಲಿ ಕೂತು ಹೆದರುವವಳು ನಾನು. ಕೆಳಗೆ ಕೂತವರು ನಿಮ್ಮ ಮಗಳ ಹಾಗೆ ಬರೆದು ಕೊಡುವವರೇ, ಬಸ್ಸಿನವರು ನಿಮ್ಮ ಹಾಗೆ ಓಡಿ ಬಂದು ಹೇಳುವವರೇ ಇರಲಿ. ಮನೆಗೆ ಹೋಗಿ ತಿಳಿಸುವುದು ಬೇಡ, ಈಗಲೇ ಹೇಳ್ತೇನೆ. ದಿನ ನೋಡುವ. ಮೊದಲು ನಮ್ಮನ್ನು ಮೂಡುಬಿದಿರೆಗೆ ಮುಟ್ಟಿಸುವ ಬೇರೆ ಬಸ್ಸು ನೋಡಿ."

ಹುಕ್ರಪ್ಪ ಜೋರಾಗಿ ಸೀಟಿ ಊದಿದ. ಯಾವ ಬಸ್ಸೂ ಹೊರಡುತ್ತಿರಲಿಲ್ಲ, ಅವನಿಗೆ ಖುಷಿ ತಡೆಯಲಾಗಲಿಲ್ಲ.

ಈಗ ಆ ಬಸ್ಸಿನಲ್ಲಿ ಕೀಲಿಕೈ ಕೈ ಬದಲಾಯಿಸುವ ಮೊದಲು ಇಬ್ಬರೂ ಚಾಲಕರು ಬ್ರೇಕು ತುಳಿದು ನೋಡುತ್ತಾರೆ, ಕಂಡದ್ದನ್ನು ಬಾಯಿಬಿಟ್ಟು ಹೇಳುತ್ತಾರೆ. ಗಾಜನ್ನೂ ಒರೆಸುತ್ತಾರೆ, ಅದು ಆಮೇಲೆ.

ಅಕ್ಕಂದಿರೇ, ಅಣ್ಣಂದಿರೇ, ವಿಮಾನ ಹಾರಿಸುವವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ? ಆದರೆ ನಮ್ಮೆಲ್ಲರ ಮನೆಯಲ್ಲೂ ಒಂದು ಗ್ಯಾಸಿನ ಒಲೆ ಉಂಟು, ಶಾಲೆಗೆ ಹೋಗುವ ಮಕ್ಕಳ ವ್ಯಾನು ಉಂಟು, ತೋಟದ ಪಂಪಿನ ವಯರು ಉಂಟು. ಒಮ್ಮೆ ಕೈಗೆ ಜುಂ ಎಂದದ್ದು, ಒಮ್ಮೆ ವಾಸನೆ ಬಂದದ್ದು, ಒಮ್ಮೆ ಸ್ವಲ್ಪದರಲ್ಲಿ ತಪ್ಪಿದ್ದು ನಿಮಗೂ ನೆನಪಿರಬಹುದು. ದೇವರು ಕಾಪಾಡಿದ ಎಂದು ಸುಮ್ಮನಿರಬೇಡಿ. ಅದೇ ದಿನ ಹೇಳಿ, ನಿಮ್ಮ ನಂತರ ಅದನ್ನು ಮುಟ್ಟುವವರಿಗೆ ಮೊದಲು ಹೇಳಿ. ನಿಮ್ಮ ಹತ್ತಿರ ಯಾರಾದರೂ ಬಂದು ಹೇಳಿದರೆ, ಬೈಯುವ ಮೊದಲು ಕೂರಿಸಿ ಒಂದು ಲೋಟ ನೀರು ಕೊಡಿ. ಆಮೇಲೆ ಕೇಳಿ, ಹೀಗೆ ಆದದ್ದು ಹೇಗೆ ಎಂದು. ಇವತ್ತು ಈ ಕಥೆ ಓದಿ ಮುಗಿಸಿದ ಮೇಲೆ, ಏಳುವ ಮೊದಲು, ಒಟ್ಟಿಗೆ ಕೂತ ನಿಮ್ಮ ಗುಂಪಿನಲ್ಲಿ ಒಬ್ಬರಾದರೂ ಅಂಥದ್ದೊಂದನ್ನು ಹೇಳಿಯೇ ಏಳಿ.