ಕ್ರ್ಯಾಂಕಿಗೆ ಹತ್ತಿದ ಮೇಣ

ಬೇರೆ ಮನೆಗಳಿಗೆ ಸೊಸೆ ಬಂದರೆ ಜೊತೆಗೆ ಒಂದು ಬಟ್ಟೆ ಪೆಟ್ಟಿಗೆ ಬರುತ್ತದೆ, ನಾಲ್ಕು ಪಾತ್ರೆ ಬರುತ್ತವೆ. ಈ ಮನೆಗೆ ಉಕ್ಕು ಕಡೆಯುವ ಲೇತು ಬಂತು. ಗಂಡಸರ ದೊಡ್ಡ ಗುಂಪೇ ಏದುಸಿರು ಬಿಡುತ್ತಾ ಅದನ್ನು ಮುಂದಿನ ಕೋಣೆಗೆ ಇಳಿಸಿದ ದಿನ ಅತ್ತೆ ಸೊಂಟದ ಮೇಲೆ ಕೈಯಿಟ್ಟು, "ನನ್ನ ಹೊಲಿಗೆ ಮೆಷಿನ್ನು ಎಲ್ಲಿಡ್ಲಿ, ತಲೆ ಮೇಲಾ?" ಎಂದು ಕೇಳಿದ್ದಳು. ಅಪ್ಪನಿಂದ ಕಲಿತ ಕೆಲಸ, ಅಪ್ಪನ ಲೇತು. ಸೊಸೆ ಬಿಟ್ಟು ಬರುವವಳೇ ಅಲ್ಲ. ಕೊನೆಗೆ ಕೋಣೆಯೇ ಭಾಗವಾಯಿತು. ಕಿಟಕಿಯ ಕಡೆ ಅತ್ತೆ ವಾಹನದ ಸೀಟುಗಳಿಗೆ ಕವರು ಹೊಲಿಯುತ್ತಾಳೆ, ಗೋಡೆಯ ಕಡೆ ಸೊಸೆ ಉಕ್ಕು ಕಡೆಯುತ್ತಾಳೆ. ಲಾರಿ ಓಡಿಸುವ ಮಗ ಅಪರೂಪಕ್ಕೆ ಮನೆಗೆ ಬಂದರೆ, ಯಾವ ಕಡೆ ಹೋದರೂ ಬೈಗುಳ ತಪ್ಪದೆಂದು ಅಡುಗೆಮನೆ ಸೇರಿಕೊಳ್ಳುತ್ತಾನೆ.

ಅತ್ತೆಯ ಮಗಳು ಮೋಟಾರ್‌ಸೈಕಲ್ ರೇಸಿನವಳು. ಹೋದ ವರ್ಷ ಅವಳು ಬಿದ್ದಳು. ಬೀಳಿಸಿದ್ದು ರಸ್ತೆಯಲ್ಲ, ಎಂಜಿನ್ನು. ಎಂಜಿನ್ನಿನ ಹೊಟ್ಟೆಯೊಳಗೆ ತಿರುಗುವ ಕ್ರ್ಯಾಂಕು ಎಂಬುದೊಂದಿದೆ: ಎರಡು ದಪ್ಪ ಉಕ್ಕಿನ ಚಕ್ರ, ನಡುವೆ ಒಂದು ಪಿನ್ನು, ಆ ಪಿನ್ನಿನಿಂದ ಪಿಸ್ಟನ್ನಿಗೆ ಹೋಗುವ ಒಂದು ತೋಳು. ಚಕ್ರ ಹಗುರಾದರೆ ಗಾಡಿ ಚುರುಕಾಗುತ್ತದೆ. ಹಾಗಂತ ಯಾವನೋ ದೊಡ್ಡ ಬೋರ್ಡಿನ ಅಂಗಡಿಯವನು ಪಿನ್ನಿನ ಸುತ್ತಲೇ ತೂತು ಕೊರೆದು ಕೊಟ್ಟಿದ್ದ. ತಿರುವಿನಲ್ಲಿ ಪಿನ್ನು ಜರುಗಿ ಎಂಜಿನ್ನು ಕಚ್ಚಿಕೊಂಡು ಗಕ್ಕನೆ ನಿಂತಿತು, ಹುಡುಗಿ ಹಾರಿಬಿದ್ದು ಹೆಗಲ ಮೂಳೆ ಮುರಿದುಕೊಂಡಳು. ಅತ್ತೆಯೇ ಹೊಲಿದುಕೊಟ್ಟಿದ್ದ ಸೀಟು ರಸ್ತೆಗೆ ಉಜ್ಜಿ ಚಿಂದಿಯಾಯಿತು. ಅದನ್ನು ಅತ್ತೆ ಮಂಚದ ಕೆಳಗೆ ತಳ್ಳಿದವಳು ಆಮೇಲೆ ಮುಟ್ಟಿರಲಿಲ್ಲ.

ಮೂಳೆ ಕೂಡಿದ ಮೇಲೆ ಮಗಳು ಮೆಲ್ಲಗೆ ಬಂದು, "ಅಮ್ಮಾ, ಈ ಸಲ ಅತ್ತಿಗೆನೇ ಕ್ರ್ಯಾಂಕು ಮಾಡ್ಕೊಡ್ತಾರಂತೆ. ರೇಸಿಗೆ ಹೋಗ್ಲಾ?" ಎಂದಳು. ಬೇಡ ಅನ್ನಬೇಕಿತ್ತು ತಾನೇ? ಅಲ್ಲಿಯೇ ಅತ್ತೆ ಎಡವಿದ್ದು. ಸಿಟ್ಟು ನೆತ್ತಿಗೇರಿ, "ನನ್ನನ್ನೇನು ಕೇಳ್ತೀಯಾ? ನಿನ್ನಿಷ್ಟ. ಏನ್ ಬೇಕಾದ್ರೂ ಮಾಡ್ಕೋ" ಎಂದುಬಿಟ್ಟಳು. ಹುಡುಗಿ ಅದನ್ನೇ ಒಪ್ಪಿಗೆ ಎಂದುಕೊಂಡು ಕುಣಿಯುತ್ತಾ ಹೋದಳು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಅತ್ತೆಯ ಜಾಯಮಾನದಲ್ಲೇ ಇಲ್ಲ, ಪ್ರಾಣ ಹೋದರೂ ಇಲ್ಲ.

ಸೊಸೆ ಹೊಸ ಚಕ್ರಗಳನ್ನು ತಂದು ಲೇತಿಗೆ ಕಟ್ಟಿದಳು. ಅತ್ತೆ ಹೊಲಿಯುವ ನೆಪದಲ್ಲಿ ಓರೆಗಣ್ಣಲ್ಲಿ ನೋಡುತ್ತಿದ್ದಳು. ಪಿನ್ನಿನ ಹತ್ತಿರ ಸೊಸೆ ಕೈಯನ್ನೇ ಒಯ್ಯಲಿಲ್ಲ. ಹೊರಗಿನ ಅಂಚಿನಿಂದ ಮಾತ್ರ ಕೂದಲೆಳೆಯಷ್ಟು ತೆಗೆಯುವುದು, ನಿಲ್ಲಿಸುವುದು, ಅಳೆಯುವುದು, ಮತ್ತೆ ತೆಗೆಯುವುದು. ಉಕ್ಕಿನ ಸುರುಳಿ ತುಂಡಾಗದೆ ಉದ್ದಕ್ಕೆ ಇಳಿದು ನೆಲ ಮುಟ್ಟುತ್ತಿತ್ತು. ಎಂಥ ಕೈ ಇವಳದು! ನನ್ನ ಹೊಲಿಗೆಯೂ ಇಷ್ಟು ನೇರ ಬರುವುದಿಲ್ಲವಲ್ಲ ಎಂದು ಅತ್ತೆಯ ಮನಸ್ಸು ಒಪ್ಪಿಕೊಂಡಿತು. ಬಾಯಿ ಮಾತ್ರ, "ಕಸ ಯಾರು ಗುಡಿಸ್ತಾರೆ?" ಎಂದಿತು.

ಆಮೇಲೆ ಸಮತೂಕದ ಕೆಲಸ. ಮೇಜಿನ ಮೇಲೆ ಎರಡು ನುಣ್ಣನೆಯ ಉಕ್ಕಿನ ಪಟ್ಟಿಗಳನ್ನು ರಸಮಟ್ಟ ಇಟ್ಟು ಸಮ ಮಾಡಿ ನಿಲ್ಲಿಸಿ, ಕ್ರ್ಯಾಂಕನ್ನು ಅವುಗಳ ಮೇಲೆ ಮಲಗಿಸಿ, ತೋಳಿಗೆ ಪಿಸ್ಟನ್ನಿನ ಲೆಕ್ಕಕ್ಕೆ ಒಂದಿಷ್ಟು ತೂಕ ನೇತುಹಾಕಿದಳು. ಗಾಳಿಗೂ ಅಲುಗೀತೆಂದು ಫ್ಯಾನು ಬಂದ್. ಬೆವರು ಸುರಿಯುತ್ತಾ ಅತ್ತೆ ಕೇಳಿದಳು, "ಇದನ್ನ ಹೀಗೆ ನೋಡ್ತಾ ಕೂತ್ರೆ ಮೊಟ್ಟೆ ಇಡುತ್ತಾ?"

ಸೊಸೆ ನಕ್ಕಳು. "ಎಲ್ಲಿ ಬಿಟ್ರೆ ಅಲ್ಲೇ ನಿಲ್ಬೇಕು ಅತ್ತೆ. ತಾನಾಗಿ ಉರುಳಿ ಒಂದು ಮಗ್ಗುಲು ಕೆಳಗೆ ಬಂತು ಅಂದ್ರೆ ಆ ಕಡೆ ಭಾರ ಇದೆ ಅಂತ. ಅಲ್ಲಿ ಕೊರೀಬೇಕು."

ಆ ಮಾತು ಅತ್ತೆಯ ತಲೆಯಲ್ಲಿ ಕೂತಿತು. ಮಧ್ಯಾಹ್ನ ಸೊಸೆ ಯಾರದೋ ಬೇರಿಂಗು ಕೊಟ್ಟುಬರಲು ಹೋದಾಗ, ಅತ್ತೆ ದಾರಕ್ಕೆ ಸವರುವ ಜೇನುಮೇಣದ ಗಟ್ಟಿಯಿಂದ ಒಂದು ಚೂರು ಮುರಿದು, ಬೆರಳಲ್ಲಿ ಉಂಡೆ ಮಾಡಿ, ಚಕ್ರದ ಒಳಮಗ್ಗುಲಿನ ಸಂದಿಗೆ ಒತ್ತಿದಳು. ಇದು ಸರಿಹೋಗದಿದ್ದರೆ ಗಾಡಿ ಎದ್ದೇಳುವುದಿಲ್ಲ, ಗಾಡಿ ಎದ್ದೇಳದಿದ್ದರೆ ಮಗಳು ಹೋಗುವುದಿಲ್ಲ. ಅಷ್ಟೇ ಅವಳ ಲೆಕ್ಕ.

ಸೊಸೆ ಬಂದು ಬೆರಳು ತಾಗಿಸಿದಳು. ಕ್ರ್ಯಾಂಕು ಸೋಮಾರಿಯ ಹಾಗೆ ಹೊರಳಿ ಮಗ್ಗುಲು ಬದಲಿಸಿತು. "ಬೆಳಿಗ್ಗೆ ನಿಂತಿತ್ತಲ್ಲ!" ಎಂದಳು. ಅತ್ತೆ ಹೊಲಿಗೆ ಮೆಷಿನ್ನನ್ನು ಇನ್ನಷ್ಟು ಜೋರಾಗಿ ತುಳಿದಳು. ಮರುದಿನ ಸಂದಿ ನೋಡಿದರೆ ಮೇಣ ಇರಲಿಲ್ಲ. ಬಿದ್ದುಹೋಗಿರಬೇಕೆಂದು ಮತ್ತೊಂದು ಉಂಡೆ ಒತ್ತಿದಳು. ಅದರ ಮರುದಿನವೂ ಹಾಗೇ ಆಯಿತು. ಹಾಳಾದ್ದು ನಿಲ್ಲುವುದೇ ಇಲ್ಲವಲ್ಲ ಎಂದು ಈ ಸಲ ಕಡಲೆಕಾಳಿನಷ್ಟು ದೊಡ್ಡದನ್ನೇ ಅಮುಕಿದಳು.

ಆ ಮಧ್ಯಾಹ್ನ ಸೊಸೆ ಕ್ರ್ಯಾಂಕನ್ನು ಉರುಳಿಸಿ, ಕೆಳಗೆ ಬಂದ ಮಗ್ಗುಲಿಗೆ ಸೀಮೆಸುಣ್ಣದಲ್ಲಿ ಒಂದು ಸುತ್ತು ಬರೆದಳು. "ಈ ಕಡೆಯೇ ಭಾರ. ತೂತು ಹಾಕಿಬಿಡ್ತೀನಿ. ಹಾಕಿದ ಮೇಲೆ ಮುಗೀತು, ತೆಗೆದ ಉಕ್ಕನ್ನ ವಾಪಸ್ ಅಂಟಿಸೋಕಾಗಲ್ಲ" ಎನ್ನುತ್ತಾ ಅದನ್ನು ಡ್ರಿಲ್ಲಿಂಗ್ ಮೆಷಿನ್ನಿನ ಕೆಳಗೆ ಕೂರಿಸಿ ಸ್ವಿಚ್ಚಿಗೆ ಕೈ ಹಾಕಿದಳು.

ಅತ್ತೆಯ ಹೊಲಿಗೆ ನಿಂತಿತು. ಅಲ್ಲಿ ಭಾರವೇ ಇಲ್ಲ, ಇರುವುದು ಮೇಣ! ಇಲ್ಲದ ಭಾರಕ್ಕೆ ಗಟ್ಟಿ ಉಕ್ಕನ್ನು ಕೊರೆದರೆ, ಅದರ ಮೇಲೆ ಕೂರುವವಳು ಯಾರು? ತಡೆಯಲು ಹೋಗಿ ನಾನೇ ಮಗಳನ್ನು ಮತ್ತೊಮ್ಮೆ ರಸ್ತೆಗೆ ಎಸೆಯುತ್ತಿದ್ದೇನೆ. ಹೊಲಿಯುತ್ತಿದ್ದ ಕವರು ಎಲ್ಲಿ ಬಿತ್ತೋ, ಚಪ್ಪಲಿ ಎಲ್ಲಿ ಉಳಿಯಿತೋ, ಅತ್ತೆ ಓಡಿಬಂದು ಪ್ಲಗ್ಗನ್ನೇ ಕಿತ್ತಳು.

"ಕೊರೀಬೇಡ! ಮೇಣ ಅದು, ನನ್ನ ಮೇಣ. ನಾನೇ ಹಚ್ಚಿದ್ದು. ಬೈ, ಏನ್ ಬೇಕಾದ್ರೂ ಅನ್ನು, ಕೊರೀಬೇಡ" ಎಂದವಳೇ ಸ್ಟೂಲಿನ ಮೇಲೆ ಕುಸಿದು ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಬೈಗುಳ ಬರಲಿಲ್ಲ. ಮೇಜಿನ ಮೇಲೆ ಏನೋ ಟಣ್ಣೆಂದಿತು. ಕಣ್ಣು ಬಿಟ್ಟರೆ ನಟ್ಟು ಹಾಕಿಡುವ ಪುಟ್ಟ ಡಬ್ಬಿ, ಅದರೊಳಗೆ ಮೇಣದ ಉಂಡೆಗಳು. ಮೊದಲ ದಿನದ್ದೂ ಇತ್ತು, ಎರಡನೇ ದಿನದ್ದೂ ಇತ್ತು. ಸೊಸೆ ಸಂದಿಯಿಂದ ಇವತ್ತಿನದನ್ನೂ ಉಗುರಲ್ಲಿ ಎಬ್ಬಿಸಿ ಡಬ್ಬಿಗೆ ಹಾಕಿದಳು.

"ಅಯ್ಯೋ, ಗೊತ್ತಿತ್ತಾ? ಗೊತ್ತಿದ್ದೂ ಕೊರಿಯೋಕೆ ಹೊರಟ್ಯಲ್ಲೇ!"

"ಬಿಟ್ ಎಲ್ಲಿದೆ ನೋಡಿ ಅತ್ತೆ."

ಅತ್ತೆ ತಲೆಯೆತ್ತಿ ನೋಡಿದಳು. ಮೆಷಿನ್ನಿನ ಬಾಯಿ ಬೋಳು. ಕೊರೆಯುವ ಬಿಟ್ಟನ್ನೇ ಅದಕ್ಕೆ ಹಾಕಿರಲಿಲ್ಲ.

"ನಾದಿನಿ ಕೇಳಿದ್ರೆ ನೀವು ನಿನ್ನಿಷ್ಟ ಅಂದ್ರಿ" ಎಂದಳು ಸೊಸೆ, ಅತ್ತೆಯ ಎದುರಿಗೇ ನೆಲದ ಮೇಲೆ ಕೂತು. "ಬಾಯಿಬಿಟ್ಟು ಹೇಳ್ಲಿ ಅಂತ ಕಾದೆ. ಈಗ ಹೇಳಿ. ಬೇಡ ಅಂದ್ರೆ ಇದನ್ನ ಬಟ್ಟೆಲಿ ಸುತ್ತಿ ಅಟ್ಟಕ್ಕೆ ಹಾಕ್ತೀನಿ. ನನ್ನ ಕೈಲಿ ಆಗ್ಲಿಲ್ಲ, ಸಮತೂಕ ಬರ್ಲಿಲ್ಲ ಅಂತ ನಾದಿನಿಗೆ ನಾನೇ ಹೇಳ್ತೀನಿ. ನಿಮ್ಮ ಹೆಸರು ಬರಲ್ಲ."

ಅತ್ತೆ ಅವಳನ್ನೇ ನೋಡಿದಳು. ಒಂದು ಬೋಲ್ಟಿನ ಅಳತೆ ತಪ್ಪಿದರೂ ಊಟ ಬಿಟ್ಟು ಕೂರುವ ಹೆಣ್ಣು ಇದು. ಅಪ್ಪನ ಲೇತಿಗೆ ಕೆಟ್ಟ ಹೆಸರು ಬರಬಾರದೆಂದು ಇನ್ನೊಬ್ಬರ ಗುಜರಿಯನ್ನೂ ಒರೆಸಿ ಕೊಡುವವಳು. ನನ್ನ ಹಟಕ್ಕೋಸ್ಕರ ಕೈಲಾಗಲಿಲ್ಲ ಅನ್ನಿಸಿಕೊಳ್ಳಲು ತಯಾರಾಗಿ ಕೂತಿದ್ದಾಳಲ್ಲ! ನಾಚಿಕೆಯಾಯಿತು. ನಾಚಿಕೆಯಾದರೆ ಅತ್ತೆಗೆ ಬರುವುದು ಸಿಟ್ಟೇ.

"ನಿನ್ನ ಕೈಲಿ ಆಗ್ಲಿಲ್ವಾ? ಯಾರು ನಂಬ್ತಾರೆ? ಏಳು, ಅದನ್ನ ಪಟ್ಟಿ ಮೇಲಿಡು."

ಸೊಸೆ ಇಟ್ಟಳು. ಅತ್ತೆ ಬೆರಳಿಂದ ಒಂದಿಷ್ಟು ತಿರುಗಿಸಿ ಬಿಟ್ಟಳು. ನಿಂತಿತು. ಇನ್ನೊಂದಿಷ್ಟು ತಿರುಗಿಸಿದಳು. ಅಲ್ಲೂ ನಿಂತಿತು. ತಲೆಕೆಳಗು ಮಾಡಿ ಬಿಟ್ಟಳು, ಉಸಿರು ಬಿಗಿಹಿಡಿದು ನೋಡಿದಳು. ಅಷ್ಟು ತೂಕದ ಉಕ್ಕು ಕೂದಲಷ್ಟೂ ಅಲುಗಲಿಲ್ಲ.

"ಇಷ್ಟಾದ ಮೇಲೆ ಗಾಡಿ ನಡುಗಲ್ವಾ?"

"ನಡುಗುತ್ತೆ. ಒಂದೇ ಪಿಸ್ಟನ್ನಿನ ಎಂಜಿನ್ನು, ಪೂರ್ತಿ ನಿಲ್ಸೋಕೆ ಯಾರ ಕೈಲೂ ಆಗಲ್ಲ."

"ಬೀಳಲ್ವಾ ಅವಳು?"

ಸೊಸೆ ಚಕ್ರದ ಮೇಲಿನ ಸೀಮೆಸುಣ್ಣ ಒರೆಸಿದಳು. "ಬೀಳಲ್ಲ ಅಂತ ಮಾತು ಕೊಡಲಾರೆ ಅತ್ತೆ. ಇದು ಒಡೆಯಲ್ಲ. ಆ ಮಾತು ಕೊಡ್ತೀನಿ."

ಬೇರೆ ಯಾರಾದರೂ ಆಗಿದ್ದರೆ ಏನೂ ಆಗಲ್ಲ ಬಿಡಿ ಅನ್ನುತ್ತಿದ್ದರು. ಆ ದೊಡ್ಡ ಬೋರ್ಡಿನವನೂ ಹಾಗೇ ಅಂದಿದ್ದ. ಅತ್ತೆ ಕಣ್ಣೊರೆಸಿಕೊಂಡಳು. ಎದ್ದು ಫ್ಯಾನು ಹಾಕಿದಳು. ಒಳಗೆ ಹೋಗಿ ಮಂಚದ ಕೆಳಗೆ ಬಗ್ಗಿ ಎಳೆದಾಡುವ ಸದ್ದು ಕೇಳಿತು. ಬರುವಾಗ ಕೈಯಲ್ಲಿ ಧೂಳು ಹಿಡಿದ ಚಿಂದಿ ಸೀಟಿತ್ತು.

"ಈ ಹರಕಲಿನ ಮೇಲೆ ಕೂತು ನನ್ನ ಮಾನ ಕಳೀಬೇಕಾ ಅವಳು?" ಎಂದು ಗೊಣಗುತ್ತಾ ಹಳೆ ಕವರನ್ನು ಕತ್ತರಿಸಿ ಎಸೆದಳು. ದಪ್ಪ ದಾರ ಎಳೆದಳು. ಮೇಣಕ್ಕೆ ಅತ್ತಿತ್ತ ಕೈಯಾಡಿಸಿ, ಆಮೇಲೆ ಸೊಸೆಯ ಕಡೆ ಅಂಗೈ ಚಾಚಿದಳು.

"ಕೊಡು ಅದನ್ನ."

ಸೊಸೆ ಡಬ್ಬಿ ಕೊಟ್ಟಳು. ಅತ್ತೆ ಉಂಡೆಗಳನ್ನೆಲ್ಲ ಒಟ್ಟಿಗೆ ಅಮುಕಿ ಒಂದು ಮಾಡಿ, ದಾರಕ್ಕೆ ಉದ್ದಕ್ಕೂ ಎರಡೆರಡು ಸಲ ಸವರಿ, ಸೂಜಿಗೆ ಪೋಣಿಸಿದಳು.