ಇಪ್ಪತ್ತಮೂರು ಮನೆಗಳ ಒಂದೇ ಬಾಗಿಲು

ಹಳೆಯ ಬೇವಿನ ಹಲಗೆಗೆ ಸಾವಿರದ ನಾನೂರು, ಬಡಿಗನ ಕೂಲಿ ಎಂಟುನೂರು, ತಿರುಗಣಿ ಮತ್ತು ಅಗಳಿಗೆ ಇನ್ನೂರ ಅರವತ್ತು. ಇಷ್ಟು ಖರ್ಚಾದ ಮೇಲೆ ನಾನು ಬಾಗಿಲಾದೆ.

ನನ್ನನ್ನು ಮಾಡಿಸಿದವಳು ಹುಲಿಗೆವ್ವ. ಹಳೆ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುತ್ತ ಓಣಿ ಓಣಿ ತಿರುಗುವವಳು. ಗಂಡನಿಲ್ಲ, ಮಕ್ಕಳಿಲ್ಲ. ಮೂವತ್ತು ವರ್ಷದಲ್ಲಿ ಹನ್ನೊಂದು ಬಾಡಿಗೆ ಮನೆ ಕಂಡಿದ್ದಳು. ಸ್ವಂತ ಮನೆ ಇಲ್ಲದವರಿಗೆ ಪುರಸಭೆ ಊರ ಹೊರಗೆ ಜಾಗ ಕೊಟ್ಟು, ಕಟ್ಟಲು ಕಂತಿನಲ್ಲಿ ಹಣ ಕೊಡುತ್ತಿತ್ತು. ಆ ಪಟ್ಟಿಯಲ್ಲಿ ಅವಳ ಹೆಸರು ಬಂದಿತ್ತು.

"ಬಾಡಿಗಿ ಮನ್ಯಾಗ ಮಾಲಕರು ಬಾಗ್ಲಾ ಬಡಿಯೂದಿಲ್ಲ, ದೂಡ್ಕೊಂಡ ಬರ್ತಾರ," ಎಂದು ಬಡಿಗನಿಗೆ ಹೇಳಿದಳು. "ನನ್ನ ಬಾಗ್ಲಾ ಒಬ್ರರ ಬಡೀಬೇಕು. ನಾ ಒಳಗಿಂದ ‘ಯಾರದು?’ ಅನಬೇಕು. ಅಷ್ಟ ನೋಡಪಾ."

ಬಾಗಿಲು ಕೂಡಿಸಿ, ಅದರ ಮುಂದೆ ಒಡತಿ ನಿಂತ ಫೋಟೋ ಆದರೇ ಕೊನೆಯ ಕಂತು. ಆ ಕಂತು ಬಾರದೆ ಬಾಗಿಲು ಕೊಳ್ಳಲು ಪಟ್ಟಿಯ ಉಳಿದ ಮನೆಯವರ ಕೈಯಲ್ಲಿ ಹಣವಿರಲಿಲ್ಲ. ಪುರಸಭೆಯ ಫೋಟೋದವನು ಬಂದ ದಿನ ಪಕ್ಕದ ಮನೆಯ ಖಾಸಿಂಬಿ ಅಳುಮೋರೆ ಮಾಡಿಕೊಂಡು ನಿಂತಿದ್ದಳು.

"ಮೊದ್ಲ ನಿಂದು ಆಗ್ಲಿ, ಒಯ್ಯಿ," ಎಂದಳು ಹುಲಿಗೆವ್ವ. ನನ್ನನ್ನು ಕಳಚಿ ಖಾಸಿಂಬಿಯ ಗೋಡೆಗೆ ಆನಿಸಿದರು. ಫೋಟೋ ಆಯಿತು.

ಇಬ್ಬರು ನನ್ನನ್ನು ಹೊತ್ತು ವಾಪಸ್ ತಂದಾಗ ಹುಲಿಗೆವ್ವ ತನ್ನ ಹೊಸ್ತಿಲ ಮೇಲೆ ತಲೆ ತಗ್ಗಿಸಿ ಕೂತಿದ್ದಳು. ಫೋಟೋದವನು ಮೊಬೈಲ್ ಎತ್ತಿದ. "ಯಕ್ಕಾ, ಒಂಚೂರು ಮ್ಯಾಲ ನೋಡು." ಮೂರು ಸಲ ಕರೆದ. ಖಾಸಿಂಬಿ ಭುಜ ಮುಟ್ಟಿದಳು. ಮೈ ಒಂದು ಕಡೆ ವಾಲಿತು. ನಾನಿನ್ನೂ ಅವರ ಹೆಗಲ ಮೇಲೇ ಇದ್ದೆ.

ಒಡತಿ ಇಲ್ಲದೆ ಫೋಟೋ ಇಲ್ಲ. ಅವಳ ಹೆಸರಿನ ಮುಂದೆ ‘ರದ್ದು’ ಎಂದು ಬರೆದರು. ನನ್ನನ್ನು ಮಾತ್ರ ಯಾರೂ ರದ್ದು ಮಾಡಲಿಲ್ಲ. ಫೋಟೋ ದಿನ ಬಂದಾಗಲೆಲ್ಲ ಮನೆಯಿಂದ ಮನೆಗೆ ಹೊತ್ತರು.

"ಈ ಬಾಗ್ಲಾ ಎಲ್ಲೋ ನೋಡೀನಲ್ಲ?" ಎಂದ ಫೋಟೋದವನು ಒಮ್ಮೆ.

"ಬಡವ್ರ ಬಾಗ್ಲಾ ಎಲ್ಲಾ ಒಂದ ಥರಾ ಇರ್ತಾವ ತಮ್ಮಾ," ಎಂದಳು ಖಾಸಿಂಬಿ.

ಅವನು ನಕ್ಕು, ತಮಾಷೆಗೆ ನನ್ನನ್ನು ಬಡಿದ. ಮನೆಯವರೆಲ್ಲ ಹೊರಗೇ ಇದ್ದರು. ನಡುಹಗಲು.

"ಯಾರದು?" ಎಂದಿತು ಒಳಗಿನಿಂದ ಒಂದು ದನಿ.

"ನಿಮ್ಮ ಅಜ್ಜಿ ಒಳಗ ಅದಾಳೇನು?" ಎಂದು ಅವನು ಮನೆಯವರನ್ನು ಕೇಳಿದ.

"ನಮಗ ಅಜ್ಜೀನ ಇಲ್ಲರಿ," ಎಂದಳು ಆ ಮನೆಯ ಒಡತಿ.

ನನಗೆ ಎರಡು ಮುಖ. ಒಳಗಿನ ಮುಖದಿಂದ ನೋಡಿದೆ. ಮರಳ ಗುಡ್ಡೆ ಬಿಟ್ಟರೆ ಏನೂ ಇರಲಿಲ್ಲ. ಮರಳಿನ ಮೇಲೆ ಹೆಜ್ಜೆಯೂ ಇರಲಿಲ್ಲ. ಅಂದಿನಿಂದ ಅವನು ನನ್ನನ್ನು ಮುಟ್ಟಲಿಲ್ಲ. ಆದರೆ ಕೋಳಿ ಕುಕ್ಕಿದರೂ, ಗಾಳಿಗೆ ಕಡ್ಡಿ ಬಡಿದರೂ, ನಾನು ಯಾರ ಮನೆಯಲ್ಲಿದ್ದರೂ, ಅದೇ ದನಿ ಕೇಳುತ್ತಿತ್ತು. ಜನ ದೂರ ಸರಿಯುತ್ತಿದ್ದರು. ಯಾರೂ ಉತ್ತರ ಕೊಡುತ್ತಿರಲಿಲ್ಲ.

ಕೊನೆಯ ಮನೆಯ ಫೋಟೋ ಮುಗಿದ ಮೇಲೆ ಖಾಸಿಂಬಿ ನನ್ನನ್ನು ಹೊರಿಸಿಕೊಂಡು ಹುಲಿಗೆವ್ವನ ಪಾಳು ಮನೆಗೆ ತಂದಳು. ತಿರುಗಣಿ ಬಿಗಿಸಿ, ಎಲ್ಲರನ್ನೂ ಕಳಿಸಿ, ಹೊರಗಿನಿಂದ ನನ್ನನ್ನು ಎಳೆದು ಮುಚ್ಚಿದಳು. ಸೆರಗು ತಲೆಯ ಮೇಲೆ ಹೊದ್ದು, ಮೆಲ್ಲಗೆ ಬಡಿದಳು.

"ಯಾರದು?"

ಅವಳು ಬಾಯಿಯನ್ನು ನನ್ನ ಹಲಗೆಯ ಹತ್ತಿರ ತಂದಳು. "ನಾನ ಯಕ್ಕಾ, ಖಾಸಿಂಬಿ. ನಿನ್ನ ಬಾಗ್ಲಾ ತಂದೀನಿ. ಭಾಳ ತಡಾ ಆತು."

ಯಾರೂ ಹಾಕಿರದ ನನ್ನ ಅಗಳಿ ಒಳಗಿನಿಂದ ಸರಿದು ತೆರೆಯಿತು.

ಆಮೇಲೆ ಆ ದನಿ ಕೇಳಿಲ್ಲ. ಈಗ ನನ್ನ ಬುಡಕ್ಕೆ ಗೆದ್ದಲು ಹತ್ತಿದೆ. ಇಪ್ಪತ್ತಮೂರು ಮನೆಯವರಿಗೆ ಕೊನೆಯ ಕಂತು ಬಂತು. ಹುಲಿಗೆವ್ವನ ಕಂತು ಬರಲಿಲ್ಲ, ಮನೆ ಅವಳ ಹೆಸರಿನಿಂದ ಹೋಯಿತು. ಅವಳ ಬಾಗಿಲನ್ನು ಒಬ್ಬಳು ಬಡಿದಳು.