ಬೀಗರ ನಡುವಿನ ಫೈಲು

ಕಾನೂನು ಕಾಲೇಜಿನ ಕೊನೆಯ ವರ್ಷ ಎರಡು ತಿಂಗಳ ಇಂಟರ್ನ್‌ಶಿಪ್‌ಗೆಂದು ನನ್ನನ್ನು ಆ ಸರ್ಕಾರಿ ಕಚೇರಿಗೆ ಕಳಿಸಿದರು. ಆಸ್ಪತ್ರೆ, ಶಾಲೆಗಳ ಕಾನೂನಿನ ತಕರಾರುಗಳೆಲ್ಲ ಬಂದು ಬೀಳುವ ಜಾಗ. ಒಂದೇ ಕೋಣೆ, ಎರಡು ವಿಭಾಗ. ಕಿಟಕಿ ಕಡೆ ಆರೋಗ್ಯ ವಿಭಾಗದ ಸಾಹೇಬರು, ಬಾಗಿಲ ಕಡೆ ಶಿಕ್ಷಣ ವಿಭಾಗದ ಮೇಡಂ. ನಡುವೆ ಒಂದು ಕಬ್ಬಿಣದ ಬೀರು, ಅದರ ಪಕ್ಕ ಕಾಲು ಅಲುಗಾಡುವ ನನ್ನ ಕುರ್ಚಿ.

ಇವರಿಬ್ಬರೂ ಬೀಗರು. ಸಾಹೇಬರ ಮಗನಿಗೆ ಮೇಡಂ ಮಗಳನ್ನು ಕೊಟ್ಟಿತ್ತು. ಮದುವೆಯಲ್ಲಿ ಯಾರೋ ಯಾರನ್ನೋ ಮುಂದಿನ ಸಾಲಿಗೆ ಕರೆಯಲಿಲ್ಲವಂತೆ, ಅವತ್ತಿನಿಂದ ಮುನಿಸು. ಮನೆಯಲ್ಲಿ ಮಕ್ಕಳ ಮುಖ ನೋಡಿಕೊಂಡು ಹಲ್ಲು ಕಿರಿಯಲೇಬೇಕಲ್ಲ, ಆ ಸಿಟ್ಟನ್ನೆಲ್ಲ ಕಚೇರಿಗೆ ಹೊತ್ತು ತಂದು ಫೈಲುಗಳ ಮೇಲೆ ತೀರಿಸಿಕೊಳ್ಳುತ್ತಿದ್ದರು. ಕೈ ಚಾಚಿದರೆ ಸಿಗುವ ಮೇಜಿಗೆ ಒಂದು ಫೈಲು ಹೋಗಬೇಕೆಂದರೆ ಅದು ಕೆಳಗಿನ ಮಹಡಿಗೆ ಇಳಿದು, ರವಾನೆ ನಂಬರು ಹಾಕಿಸಿಕೊಂಡು, ಮತ್ತೆ ಮೇಲೆ ಹತ್ತಿ ಬರಬೇಕು. ಹೊತ್ತು ಹತ್ತಿಳಿಯುವವಳು ನಾನೇ, ಇನ್ಯಾರು!

ಹಾಗೆ ಹನ್ನೊಂದು ಸಲ ಹತ್ತಿಳಿದ ಫೈಲೊಂದಿತ್ತು. ಹತ್ತು ವರ್ಷದ ಹುಡುಗಿ, ಸಕ್ಕರೆ ಕಾಯಿಲೆ. ಮಧ್ಯಾಹ್ನ ಊಟಕ್ಕೆ ಮೊದಲು ಇನ್ಸುಲಿನ್ ಚುಚ್ಚಲೇಬೇಕು. ‘ಚುಚ್ಚುವವರು ನಮ್ಮಲ್ಲಿಲ್ಲ, ಸರ್ಕಾರ ಬರೆದುಕೊಟ್ಟರೆ ಸೇರಿಸಿಕೊಳ್ಳುತ್ತೇವೆ’ ಎಂದು ಶಾಲೆಯವರು ಜಾರಿಕೊಂಡಿದ್ದರು. ‘ಇದು ಚುಚ್ಚುಮದ್ದಿನ ವಿಷಯ, ಆರೋಗ್ಯ ವಿಭಾಗ ನೋಡಲಿ’ ಎಂದು ಮೇಡಂ ಬರೆದರು. ‘ಇದು ಶಾಲೆಯ ವಿಷಯ, ಶಿಕ್ಷಣ ವಿಭಾಗ ನೋಡಲಿ’ ಎಂದು ಸಾಹೇಬರು ಬರೆದರು. ಶುಕ್ರವಾರಕ್ಕೆ ದಾಖಲಾತಿ ಮುಗಿಯುತ್ತಿತ್ತು. ಅದು ತಪ್ಪಿದರೆ ಮಗುವಿಗೆ ವರ್ಷವಿಡೀ ಮನೆಯೇ ಗತಿ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನುತ್ತಾರೆ. ಇಲ್ಲಿ ಬೀಗರ ಜಗಳದಲ್ಲಿ ಇನ್ಯಾರದೋ ಕೂಸು ಬಡವಾಗುತ್ತಿತ್ತು.

ಆ ಮಗುವಿನ ತಾಯಿ ದಿನಾ ಬಂದು ಮೆಟ್ಟಿಲ ಬಳಿ ನಿಲ್ಲುತ್ತಿದ್ದಳು. ಸೋಮವಾರ ನನ್ನನ್ನು ತಡೆದು, “ಏನಾಯ್ತು ಮೇಡಂ?” ಅಂದಳು. ನನ್ನ ಜನ್ಮದಲ್ಲಿ ನನ್ನನ್ನು ಮೇಡಂ ಅಂದವರು ಅವಳೊಬ್ಬಳೇ. ‘ಇನ್ನೂ ಆಗಿಲ್ಲಮ್ಮ’ ಅಂದು ಮೇಲೆ ಬಂದೆ. ಮೈಯೆಲ್ಲ ಉರಿಯಿತು. ಇವರಿಬ್ಬರನ್ನೂ ಒಂದು ಕೈ ನೋಡಿಯೇಬಿಡೋಣ ಅಂದುಕೊಂಡೆ.

ಸಾಹೇಬರ ಟಿಪ್ಪಣಿಗಳ ಕರಡು ಬರೆಯುವುದು ನನ್ನ ಕೆಲಸ. ಅಕ್ಷರ ಮುತ್ತಿನಂತಿದೆ ಎಂದು ಅವರು ಹೊಗಳುತ್ತಿದ್ದರು, ಓದುವ ಗೋಜಿಗೆ ಮಾತ್ರ ಹೋಗುತ್ತಿರಲಿಲ್ಲ. ಹನ್ನೆರಡನೇ ಸಲಕ್ಕೆ ಹೀಗೆ ಬರೆದೆ: ‘ಈ ವಿಷಯ ಪೂರ್ತಿಯಾಗಿ ಆರೋಗ್ಯ ವಿಭಾಗಕ್ಕೆ ಸೇರಿದ್ದು. ಇದರಲ್ಲಿ ಮಾತಾಡಲು ಶಿಕ್ಷಣ ವಿಭಾಗಕ್ಕೆ ಯಾವ ಅಧಿಕಾರವೂ ಇಲ್ಲ. ಅವರ ಮಾಹಿತಿಗಾಗಿ ಕಳಿಸಿದೆ.’ ಸಾಹೇಬರು ಫೋನಿನಲ್ಲಿ ಹರಟುತ್ತಲೇ ಸಹಿ ಎಳೆದರು.

ಮೇಡಂ ಹಾಗಲ್ಲ, ಬೀಗರು ಬರೆದ ಒಂದಕ್ಷರವನ್ನೂ ಬಿಡುವವರಲ್ಲ. ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು.

“ಅಧಿಕಾರ ಇಲ್ವಂತೆ! ಶಾಲೆ ವಿಷಯದಲ್ಲಿ ನನಗೇ ಅಧಿಕಾರ ಇಲ್ವಂತೆ! ಬರ್ಕೊಳಮ್ಮ!”

ಬರೆದುಕೊಂಡೆ. ಮಗುವನ್ನು ಸೇರಿಸಿಕೊಳ್ಳಲೇಬೇಕು, ಕಾಯಿಲೆಯ ನೆಪದಲ್ಲಿ ಹೊರಗಿಡುವಂತಿಲ್ಲ, ತಪ್ಪಿದರೆ ಶಾಲೆಯ ಮೇಲೆ ಕ್ರಮ. ಕಾನೂನಿನ ಕಲಮುಗಳೆಲ್ಲ ನಾಲಗೆಯ ತುದಿಯಲ್ಲೇ ಇದ್ದವು. ಇಷ್ಟು ದಿನ ಎಲ್ಲಿ ಅಡಗಿದ್ದವೋ, ಆ ಪುಣ್ಯಾತ್ಗಿತ್ತಿಗೇ ಗೊತ್ತು.

ಬುಧವಾರ ಆ ಆದೇಶದ ಪ್ರತಿಯೊಂದಿಗೆ ಫೈಲು ಸಾಹೇಬರ ಮೇಜಿಗೆ ಮರಳಿತು. ಅವರು ಅದನ್ನು ತಿರುವಿ, ತಮ್ಮ ಹೆಸರಿನ ಟಿಪ್ಪಣಿ ನೋಡಿ ನನ್ನನ್ನು ಕರೆದರು.

“ಏನಮ್ಮಾ, ಇದನ್ನ ನಾನ್ಯಾವಾಗ ಬರ್ದೆ?”

“ಕರಡು ನಂದು ಸಾರ್. ಸಹಿ ತಮ್ದೇ.”

ಇಂಟರ್ನ್‌ಶಿಪ್ ಪ್ರಮಾಣಪತ್ರ ಗೋವಿಂದ ಅಂದುಕೊಂಡೆ. ಅಷ್ಟರಲ್ಲಿ ಬೀರುವಿನಾಚೆ ಕುರ್ಚಿ ಕಿರುಗುಟ್ಟಿತು. ಮೇಡಂ ಕಿವಿ ಇತ್ತಲೇ ಇತ್ತು. ಓದದೆ ಸಹಿ ಹಾಕಿದೆ ಎಂದು ಬೀಗಿತ್ತಿಯ ಎದುರು ಒಪ್ಪಿಕೊಳ್ಳುವುದಕ್ಕಿಂತ ಬಾವಿಗೆ ಬೀಳುವುದೇ ಮೇಲಲ್ಲವೇ?

“ಸರಿಯಾಗೇ ಬರ್ದಿದ್ದೀನಿ!” ಎಂದು ಬೀರುವಿಗೆ ಕೇಳಿಸುವಂತೆ ಗುಡುಗಿದರು. “ಇದು ನಮ್ಮ ವಿಷಯಾನೇ. ತಗೋ, ಬರ್ಕೋ.”

ಹತ್ತಿರದ ಆಸ್ಪತ್ರೆಯ ನರ್ಸ್ ದಿನಾ ಮಧ್ಯಾಹ್ನ ಶಾಲೆಗೆ ಹೋಗಿ ಚುಚ್ಚಬೇಕೆಂದು ಇನ್ನೊಂದು ಆದೇಶ ಹೊರಟಿತು. ಗುರುವಾರ ಎರಡೂ ಆದೇಶಗಳು ಶಾಲೆ ಸೇರಿದವು.

ಶುಕ್ರವಾರ ಸಂಜೆ ತಾಯಿ ಮಗಳ ಕೈ ಹಿಡಿದು ಕಚೇರಿಗೆ ಬಂದಳು. ಸೀಟು ಸಿಕ್ಕಿತ್ತು. ಯಾರಿಗೆ ಮೊದಲು ಕೈ ಮುಗಿಯಬೇಕೋ ತಿಳಿಯದೆ ನಡುವಿನ ಬೀರುವಿಗೇ ಮುಗಿದಳು. “ನಮ್ಮ ಆದೇಶದಿಂದ ಆಗಿದ್ದಮ್ಮ” ಎಂದು ಕಿಟಕಿ ಕಡೆಯಿಂದ, “ಆದೇಶ ಮೊದಲು ಹೋಗಿದ್ದು ನಮ್ದು” ಎಂದು ಬಾಗಿಲ ಕಡೆಯಿಂದ. ಕಿತ್ತಾಡಿಕೊಳ್ಳಿ, ನಿಮ್ಮಿಬ್ಬರನ್ನೂ ಕುಣಿಸಿದವಳು ನಾನು ಎಂದು ಒಳಗೊಳಗೇ ನಗುತ್ತಿದ್ದೆ.

ಸಾಹೇಬರು ಮಗುವಿನ ಕೆನ್ನೆ ತಟ್ಟಿದರು. “ನರ್ಸಮ್ಮ ಬರ್ತಾರೆ ಪುಟ್ಟಿ. ಸೂಜಿಗೆ ಹೆದರ್ಕೋಬಾರ್ದು, ಆಯ್ತಾ?”

“ಅವರ್ಯಾಕೆ ಬರ್ತಾರೆ?” ಅಂದಳು ಹುಡುಗಿ. “ನಾನೇ ಚುಚ್ಕೊಳ್ತೀನಲ್ಲ.”

ಸಾಹೇಬರು ತಾಯಿಯ ಮುಖ ನೋಡಿದರು.

“ಎರಡು ವರ್ಷದಿಂದ ಅವಳೇ ಚುಚ್ಕೊಳ್ಳೋದು ಸಾರ್,” ತಾಯಿ ಅಳುಕುತ್ತ ಅಂದಳು. “ಒಂದೈದು ನಿಮಿಷ ಕೂತ್ಕೊಳ್ಳೋಕೆ ಜಾಗ ಕೊಟ್ರೆ ಸಾಕು ಅಂತ ಅರ್ಜೀಲೇ ಬರ್ದಿದ್ದೆ.”

ಬೀಗರಿಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ನಾನು ಫೈಲಿನ ತಳಕ್ಕೆ ಕೈ ಹಾಕಿ ಅರ್ಜಿ ಹೊರಗೆಳೆದೆ. ಒಂದೇ ಹಾಳೆ. ಮೂರನೇ ಸಾಲಿನಲ್ಲೇ ಇತ್ತು. ಅದಕ್ಕೆ ಉತ್ತರವಾಗಿ ಶಾಲೆಗೆ ಒಂದು ಸಾಲು ಬರೆದಿದ್ದರೆ ಸಾಕಿತ್ತು, ಆ ತಾಯಿ ಅಷ್ಟು ದಿನ ಮೆಟ್ಟಿಲು ಕಾಯಬೇಕಾಗಿರಲಿಲ್ಲ. ಸಾಹೇಬರು ಓದಿರಲಿಲ್ಲ, ಮೇಡಂ ಓದಿರಲಿಲ್ಲ. ಹದಿಮೂರು ಸಲ ಅದನ್ನು ಹೊತ್ತು ತಿರುಗಿದ ನಾನೂ ಓದಿರಲಿಲ್ಲ. ನಾಚಿಕೆಯಿಂದ ಭೂಮಿಗಿಳಿದು ಹೋದೆ.